ಅಳಿಯ ತಂದ ಸುಟ್ಟ ನಾಝಲ್, ಮತ್ತು ಐದು ಶನಿವಾರಗಳ ಗ್ರಾಫೈಟ್ ಕೆಲಸ

ಅಕ್ಕನ ಮಗ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಂದು ಕಬ್ಬಿಣದ ತುಂಡು ತಂದು ನನ್ನ ಟೇಬಲ್ ಮೇಲೆ ಇಟ್ಟ. "ಮಾಮ, ಇದನ್ನ ನೋಡಿ" ಅಂದ. ಕಾಲೇಜಿನ ರಾಕೆಟ್ ತಂಡದಲ್ಲಿದ್ದಾನೆ ಅಂತ ಗೊತ್ತಿತ್ತು. ನೋಡಿದರೆ ಮೈಲ್ಡ್ ಸ್ಟೀಲ್ ನಾಝಲ್, ಅಂದರೆ ರಾಕೆಟ್ಟಿನ ಬಿಸಿ ಅನಿಲ ಹೊರನುಗ್ಗುವ ಬಾಯಿ. ಯಾರೋ ಅಚ್ಚುಕಟ್ಟಾಗಿ ಟರ್ನಿಂಗ್ ಮಾಡಿದ್ದಾರೆ. ಆದರೆ ನಡುವಿನ ಕುತ್ತಿಗೆ ಇಲಿ ಕಡಿದ ಹಾಗಿತ್ತು.

ಪೀಣ್ಯದಲ್ಲಿ ನನ್ನದು ಎರಡು ಲೇತ್, ಒಂದು ಮಿಲ್ಲಿಂಗ್ ಮೆಷಿನ್ ಇರುವ ಸಣ್ಣ ವರ್ಕ್‌ಶಾಪ್. ಬುಷ್, ಶಾಫ್ಟ್, ಪಂಪಿನ ಬಿಡಿಭಾಗ, ಇಷ್ಟೇ ನಮ್ಮ ಲೋಕ. ರಾಕೆಟ್ ನಮ್ಮ ಕೆಲಸ ಅಲ್ಲ. ಆದರೆ ಸುಟ್ಟ ಲೋಹ ಕಂಡರೆ ನನಗೆ ಕೈ ಸುಮ್ನೆ ಇರಲ್ಲ.

ವರ್ನಿಯರ್ ಹಾಕಿದೆ. ಕುತ್ತಿಗೆ 12 ಮಿ.ಮೀ. ಇರಬೇಕಿತ್ತು. ಒಂದು ಕಡೆ 13.1, ಇನ್ನೊಂದು ಕಡೆ 13.7. ಸರಾಸರಿ 13.4 ಅಂತ ಇಟ್ಟುಕೊಂಡರೂ ತೂತಿನ ಕ್ಷೇತ್ರ ಕಾಲು ಭಾಗ ಜಾಸ್ತಿ ಆಗಿದೆ. ತೂತು ದೊಡ್ಡದಾದರೆ ಒಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ನೂಕುವ ಬಲವೂ ಹೋಯಿತು. ಹುಡುಗ ಮೊಬೈಲಿನಲ್ಲಿ ಗ್ರಾಫ್ ತೋರಿಸಿದ. ಒತ್ತಡದ ಗೆರೆ ಸೀದಾ ಹೋಗುವ ಬದಲು ಜಾರುಬಂಡೆಯ ಹಾಗೆ ಇಳಿದಿತ್ತು.

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಹೊರಬಾಯಿಯ ಅಗಲವಾದ ಭಾಗದಲ್ಲಿ ಟೂಲಿನ ಗೆರೆಗಳು ಹಾಗೇ ಇದ್ದವು. ಒಳಬಾಯಿಯೂ ಸುಮಾರಾಗಿ ಸರಿಯಿತ್ತು. ಬೆಂಕಿ ಹೋದದ್ದು ಎಲ್ಲ ಕಡೆಯಿಂದಲೂ ತಾನೇ? ತಿಂದದ್ದು ಮಾತ್ರ ಕುತ್ತಿಗೆಯನ್ನು. ಅಳಿಯ ವಿವರಿಸಿದ: ಕುತ್ತಿಗೆಯಲ್ಲಿ ಅನಿಲ ಸರಿಯಾಗಿ ಶಬ್ದದ ವೇಗದಲ್ಲಿ ಓಡುತ್ತದೆ. ಇನ್ನೂ ದಟ್ಟವಾಗಿ, ಬಿಸಿಯಾಗಿ ಇರುತ್ತದೆ, ಜಾಗ ಕಿರಿದು. ಹಾಗಾಗಿ ಗೋಡೆಗೆ ಶಾಖ ಅತಿ ಹೆಚ್ಚು ನುಗ್ಗುವುದು ಅಲ್ಲಿಯೇ. ಅದು ದಾಟಿದ ಮೇಲೆ ಅನಿಲ ಹಿಗ್ಗುತ್ತ, ತಣ್ಣಗಾಗುತ್ತ ಹೋಗುತ್ತದೆ.

"ಕರಗುವ ಬಿಂದು ಜಾಸ್ತಿ ಇರೋ ಮೆಟಲ್ ಹಾಕಿದ್ರೆ ಮುಗೀತು ಅಲ್ವಾ ಮಾಮ?" ಎಂದ. ಮೊಬೈಲಿನಲ್ಲಿ ಪಟ್ಟಿಯೂ ಇತ್ತು. ತಾಮ್ರ 1,085 ಡಿಗ್ರಿ, ಕಬ್ಬಿಣ 1,538, ನಿಯೋಬಿಯಂ 2,477, ಮಾಲಿಬ್ಡಿನಂ 2,623, ಟಂಗ್‌ಸ್ಟನ್ 3,422. ಕೊನೆಯಲ್ಲಿ ಗ್ರಾಫೈಟ್: ಮಾಮೂಲಿ ಗಾಳಿಯೊತ್ತಡದಲ್ಲಿ ಅದು ಕರಗುವುದೇ ಇಲ್ಲ, 3,600 ಡಿಗ್ರಿ ದಾಟಿದ ಮೇಲೆ ನೇರವಾಗಿ ಆವಿಯಾಗುತ್ತದೆ.

ಅಷ್ಟು ಸುಲಭ ಆಗಿದ್ದರೆ ನಮ್ಮ ಗ್ಯಾಸ್ ಕಟಿಂಗ್ ಹುಡುಗರಿಗೆ ಕೆಲಸವೇ ಇರುತ್ತಿರಲಿಲ್ಲ. ಕಬ್ಬಿಣದ ಪ್ಲೇಟನ್ನು ಗ್ಯಾಸಿನಲ್ಲಿ ಕತ್ತರಿಸುವಾಗ ಕಬ್ಬಿಣ ಕರಗಿ ಬೀಳುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಉರಿಯುತ್ತದೆ. ಸುಮಾರು 900 ಡಿಗ್ರಿಗೆ ಕಾಸಿ ಆಮ್ಲಜನಕ ಊದಿದರೆ ಕಬ್ಬಿಣವೇ ಸೌದೆ. ಇದೇ ಟಾರ್ಚ್ ಸ್ಟೇನ್‌ಲೆಸ್ ಸ್ಟೀಲನ್ನು ಕತ್ತರಿಸಲಾರದು, ಅದರ ಕ್ರೋಮಿಯಂ ಆಕ್ಸೈಡ್ ಅಡ್ಡ ನಿಲ್ಲುತ್ತದೆ. ತಾಮ್ರವನ್ನೂ ಕತ್ತರಿಸಲಾರದು, ಶಾಖ ನಿಂತಲ್ಲಿ ನಿಲ್ಲದೆ ಓಡಿಹೋಗುತ್ತದೆ. ತಾಮ್ರ ಕಬ್ಬಿಣಕ್ಕಿಂತ ಬೇಗ ಕರಗುವ ಲೋಹ, ನೆನಪಿರಲಿ. ಪಟ್ಟಿ ಒಂದು ಹೇಳುತ್ತದೆ, ಟಾರ್ಚ್ ಇನ್ನೊಂದು ಹೇಳುತ್ತದೆ.

"ಶನಿವಾರ ಬಾ. ಎಲ್ಲವನ್ನೂ ಸುಟ್ಟು ನೋಡೋಣ" ಅಂದೆ. ಒಂದು ಷರತ್ತು ಮಾತ್ರ ಹಾಕಿದೆ. ರಾಕೆಟ್ ಮೋಟರಿನ, ಅಂದರೆ ಇಂಧನ ಉರಿಯುವ ಕೊಳವೆಯ, ಒಳಗೆ ತುಂಬುವ ಇಂಧನದ ಸುದ್ದಿ ನನ್ನ ಶೆಡ್‌ಗೆ ಬರಕೂಡದು. ಅದು ಅವರ ಪ್ರೊಫೆಸರ್ ಜವಾಬ್ದಾರಿ, ಅವರ ಜಾಗದಲ್ಲಿ. ನಾನು ಮಾಡುವುದು ನಾಝಲ್ ಮಾತ್ರ. ಇಲ್ಲಿ ಬರೆಯುವುದೂ ಅಷ್ಟೇ.

ಮೊದಲ ಶನಿವಾರ: ಸುಡುವ ದಿನ

ಹಿತ್ತಲಲ್ಲಿ ಫೈರ್ ಬ್ರಿಕ್ ಜೋಡಿಸಿ ಒಂದು ಗೂಡು ಮಾಡಿದೆವು. ಟಾರ್ಚನ್ನು ಸ್ಟ್ಯಾಂಡಿಗೆ ಕಟ್ಟಿ, ತುದಿಯಿಂದ ಸ್ಯಾಂಪಲ್‌ಗೆ 20 ಮಿ.ಮೀ. ದೂರ ಇಟ್ಟೆವು. ಆಕ್ಸಿ-ಅಸಿಟಿಲಿನ್ ಜ್ವಾಲೆ 3,100 ಡಿಗ್ರಿ ಮುಟ್ಟುತ್ತದೆ. ಶಾಖ ತಡೆಯುವ ವಸ್ತುಗಳನ್ನು ಹೀಗೆಯೇ ಟಾರ್ಚ್ ಹಿಡಿದು ಪರೀಕ್ಷಿಸಲು ಎಎಸ್‌ಟಿಎಂ ಇ285 ಅಂತ ಒಂದು ಮಾನದಂಡವೇ ಇದೆ. ನಮ್ಮದು ಅದರ ಬಡ ಸೋದರ. ಸ್ಯಾಂಪಲ್ ಹಿಂಬದಿಗೆ ಬಿಸಿ ಅಳೆಯುವ ಕೆ-ಟೈಪ್ ಥರ್ಮೋಕಪಲ್, ತೂಕಕ್ಕೆ ಅಕ್ಕಸಾಲಿಗರ ಬಳಿ ಇರುತ್ತದಲ್ಲ, ಆ ಸಣ್ಣ ಡಿಜಿಟಲ್ ತಕ್ಕಡಿ. ಕಣ್ಣಿಗೆ ವೆಲ್ಡಿಂಗ್ ಗಾಗಲ್. ಒಂದೊಂದಕ್ಕೂ ಒಂದು ನಿಮಿಷ.

ಮೈಲ್ಡ್ ಸ್ಟೀಲ್, 6 ಮಿ.ಮೀ. ಪ್ಲೇಟ್. ಹತ್ತು ಸೆಕೆಂಡಿಗೆ ಬೆವರಿತು, ಅರ್ಧ ನಿಮಿಷದೊಳಗೆ ತೂತು. ಗೊತ್ತಿದ್ದದ್ದೇ. ಸ್ಟೇನ್‌ಲೆಸ್ 304 ಸ್ವಲ್ಪ ಹೊತ್ತು ಮಾನ ಉಳಿಸಿಕೊಂಡಿತು, ಅಷ್ಟೆ.

ತಾಮ್ರದ್ದು 50 ಮಿ.ಮೀ. ವ್ಯಾಸದ ದಪ್ಪ ತುಂಡು, ಒಂದು ಕೆ.ಜಿ. ತೂಕ. ಪೂರ್ತಿ ನಿಮಿಷ ನಿಂತಿತು. ಮುಖ ಕಪ್ಪಾಯಿತು, ಕರಗಲಿಲ್ಲ. ಹಿಂಬದಿ 340 ಡಿಗ್ರಿ. ಅಂದರೆ ಬಂದ ಶಾಖವನ್ನೆಲ್ಲ ಮೈಗೆ ಹಂಚಿಕೊಂಡಿತು. ಇನ್ನೂ ಮೂರು ನಿಮಿಷ ಹಿಡಿದಿದ್ದರೆ ಹಂಚಿಕೊಳ್ಳಲು ಮೈ ಉಳಿಯುತ್ತಿರಲಿಲ್ಲ. ಅದೇ ತಾಮ್ರದ 1 ಮಿ.ಮೀ. ಶೀಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಒಲೆ ಮೇಲಿನ ಪಾತ್ರೆಯಲ್ಲಿ ನೀರಿರುವ ತನಕ ತಳ ಸೀಯಲ್ಲ. ದೊಡ್ಡ ದ್ರವ ಇಂಧನದ ಎಂಜಿನ್‌ಗಳ ಗುಟ್ಟು ಇದೇ. ಸ್ಪೇಸ್ ಶಟಲ್‌ನ ಮುಖ್ಯ ಎಂಜಿನ್‌ನ ಒಳಗೋಡೆ ತಾಮ್ರದ ಮಿಶ್ರಲೋಹದ್ದು. ಒಂದು ಕಡೆ 3,300 ಡಿಗ್ರಿ ಬೆಂಕಿ, ತೆಳು ಗೋಡೆಯ ಆಚೆ ಅತಿ ತಣ್ಣನೆಯ ಹೈಡ್ರೋಜನ್ ಹರಿಯುತ್ತಿರುತ್ತದೆ. ಅದರ ಗಂಟೆಯಾಕಾರದ ನಾಝಲ್ ಅನ್ನು 1,080 ಕೊಳವೆಗಳನ್ನು ಸೇರಿಸಿ ಕಟ್ಟಿದ್ದರು, ಹೈಡ್ರೋಜನ್ ಹರಿಯಲೆಂದೇ. ಹುಡುಗರ ಮೋಟರ್‌ನಲ್ಲಿ ಇರುವುದು ಘನ ಇಂಧನ. ಹರಿಸಲು ಏನೂ ಇಲ್ಲ. ತಾಮ್ರವನ್ನು ಬದಿಗಿಟ್ಟೆವು.

ಟಂಗ್‌ಸ್ಟನ್ ಬಗ್ಗೆ ಅಳಿಯನಿಗೆ ಬಹಳ ಭರವಸೆ. ಲೋಹಗಳಲ್ಲೇ ಅತಿ ಹೆಚ್ಚು ಕರಗುವ ಬಿಂದು. ನನ್ನ ಹತ್ತಿರ ಇದ್ದದ್ದು ಟಿಗ್ ವೆಲ್ಡಿಂಗಿನ (ಆರ್ಗಾನ್ ಅನಿಲದ ಮರೆಯಲ್ಲಿ ಮಾಡುವ ಆರ್ಕ್ ವೆಲ್ಡಿಂಗ್) 3.2 ಮಿ.ಮೀ. ಎಲೆಕ್ಟ್ರೋಡ್, ಹಸಿರು ತುದಿಯ ಶುದ್ಧ ಟಂಗ್‌ಸ್ಟನ್. ಟಿಗ್ ಆರ್ಕಿನಲ್ಲಿ ದಿನವಿಡೀ ನಿಲ್ಲುವ ಕಡ್ಡಿ ಅದು. ಜ್ವಾಲೆಗೆ ಹಿಡಿದು ಸ್ವಲ್ಪ ಆಮ್ಲಜನಕ ಹೆಚ್ಚು ಮಾಡಿದೆ. ಕರಗಲಿಲ್ಲ. ಹೊಗೆಯಾಯಿತು. ಮೇಲೆ ಅರಿಶಿನದ ಬಣ್ಣದ ಪುಡಿ ಕೂತಿತು, ಕಡ್ಡಿ ಸವೆದ ಪೆನ್ಸಿಲ್ ಥರ ಸಣ್ಣಗಾಯಿತು. ಅದು ಟಂಗ್‌ಸ್ಟನ್ ಆಕ್ಸೈಡ್. ಟಿಗ್ ಹುಡುಗರಿಗೆ ಇದು ಗೊತ್ತಿರುತ್ತದೆ. ಆರ್ಕ್ ನಿಲ್ಲಿಸಿದ ಕೂಡಲೇ ಆರ್ಗಾನ್ ಬಂದ್ ಮಾಡಿದರೆ ಎಲೆಕ್ಟ್ರೋಡ್ ನೀಲಿಯಾಗಿ ಕರ್ರಗಾಗುತ್ತದೆ. ಅಷ್ಟು ದಿನ ಅದನ್ನು ಕಾಪಾಡಿದ್ದು ಅದರ ಕರಗುವ ಬಿಂದು ಒಂದೇ ಅಲ್ಲ, ಆರ್ಗಾನ್ ಕೂಡ. ಇಂಧನದ ಪಾಲು ಜಾಸ್ತಿ ಇರುವ ಬೆಂಕಿಯಲ್ಲಿ ಟಂಗ್‌ಸ್ಟನ್ ಚೆನ್ನಾಗಿಯೇ ಬಾಳುತ್ತದೆ. ಆದರೆ ಒಂದು ಘನ ಸೆಂ.ಮೀ.ಗೆ 19.3 ಗ್ರಾಂ ತೂಕದ, ಕೊಳ್ಳಲೂ ಕೊರೆಯಲೂ ಕೈ ಸುಡುವ ಲೋಹ ಅದು. ಹಾರಬೇಕಾದ ವಸ್ತುವಿಗೆ ಯಾಕೆ ಬೇಕು?

ಮನೆಯ ಕುಲುಮೆಗೆ ತಂದಿದ್ದ ಕ್ಯಾಸ್ಟಬಲ್ ರಿಫ್ರ್ಯಾಕ್ಟರಿ ಸಿಮೆಂಟಿನ ಬಿಲ್ಲೆಯೂ ಇತ್ತು. ಹದಿನೈದನೇ ಸೆಕೆಂಡಿಗೆ ಚಟಾರ್ ಅಂತ ಸಿಡಿದು ಒಂದು ಚೂರು ನನ್ನ ಏಪ್ರನ್‌ಗೆ ಬಡಿಯಿತು. ಒಳಗೆ ತೇವ ಉಳಿದಿತ್ತು, ಆವಿಗೆ ಹೊರಬರಲು ದಾರಿ ಇರಲಿಲ್ಲ. ಚೆನ್ನಾಗಿ ಒಣಗಿಸಿದ್ದನ್ನೂ ಹಿಡಿದೆವು. ಅದು ಸಿಡಿಯಲಿಲ್ಲ, ಬಿರುಕು ಬಿಟ್ಟಿತು. ಇಟ್ಟಿಗೆ ಜಾತಿಯವು ನಿಧಾನಕ್ಕೆ ಕಾಯುವ ಜಾಗಕ್ಕೆ ಸರಿ. ಒಂದು ಸೆಕೆಂಡಿನಲ್ಲಿ ಸೊನ್ನೆಯಿಂದ ಎರಡು ಸಾವಿರ ಡಿಗ್ರಿ ಅಂದರೆ ಅವುಗಳ ಕೈಯಲ್ಲಾಗದು.

ಈಗ ಗ್ರಾಫೈಟ್. ಪಕ್ಕದ ಡೈ ಶಾಪ್‌ನವರ, ಕರೆಂಟಿನ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಮೆಷಿನ್‌ಗೆ ಗ್ರಾಫೈಟ್ ಎಲೆಕ್ಟ್ರೋಡ್ ಬೇಕು, ಅವರ ಕಸದ ಡಬ್ಬಿಯಲ್ಲಿ ಒಳ್ಳೆ ತುಂಡುಗಳು ಸಿಗುತ್ತವೆ. ಒಂದು ಚೌಕ ತುಂಡು, 142 ಗ್ರಾಂ. ಜ್ವಾಲೆ ತಟ್ಟಿದ ಜಾಗ ಕೆಂಪಾಗಿ, ಕಿತ್ತಳೆಯಾಗಿ, ಕೊನೆಗೆ ನೋಡಲಾಗದಷ್ಟು ಬೆಳ್ಳಗಾಯಿತು. ಆಕಾರ ಮಾತ್ರ ಒಂದು ಕೂದಲೂ ಬದಲಾಗಲಿಲ್ಲ. ಬಿಸಿಯಾದಷ್ಟೂ ಮೆತ್ತಗಾಗುವುದು ಲೋಹದ ಗುಣ. ಗ್ರಾಫೈಟ್ ಉಲ್ಟಾ, ಸುಮಾರು 2,500 ಡಿಗ್ರಿಯ ತನಕ ಬಿಸಿಯಾದಷ್ಟೂ ಗಟ್ಟಿಯಾಗುತ್ತ ಹೋಗುತ್ತದೆ. ಮೊದಲ ಸಲ ಓದಿದಾಗ ನಾನೂ ನಂಬಿರಲಿಲ್ಲ.

ತೂಕ ನೋಡಿದರೆ ಲೆಕ್ಕ ಕೂಡಲಿಲ್ಲ. ಆಮ್ಲಜನಕ ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಸಮ ಜ್ವಾಲೆಯಲ್ಲಿ ಒಂದು ನಿಮಿಷಕ್ಕೆ 0.8 ಗ್ರಾಂ ಹೋಗಿತ್ತು. ಅಷ್ಟು ಯಾಕೆ? ಮೇಸ್ತ್ರಿ ದೂರದಿಂದ ಬೀಡಿ ಸೇದುತ್ತ ನೋಡುತ್ತಿದ್ದರು. ನನಗಿಂತ ಹತ್ತು ವರ್ಷ ಹಿರಿಯ ಟರ್ನರ್. "ಸಾಮಿ, ಬೆಂಕಿ ಆರಿಸಿದ ಮೇಲೂ ಅದು ಕೆಂಡದಂಗೆ ಉರೀತಾ ಕೂತಿತ್ತಲ್ಲ" ಅಂದರು. ಹೌದಲ್ಲ! ಗ್ರಾಫೈಟ್ ಅಂದರೆ ಇದ್ದಿಲೇ. 500 ಡಿಗ್ರಿ ಮೇಲಿದ್ದರೆ ಸಾಕು, ಗಾಳಿಯಲ್ಲಿ ನಿಧಾನಕ್ಕೆ ಉರಿಯುತ್ತದೆ. ನಾವು ಸುಮ್ಮನೆ ಆರಲು ಬಿಟ್ಟಿದ್ದೆವು. ಮುಂದಿನ ತುಂಡಿಗೆ ಟಾರ್ಚ್ ತೆಗೆದ ಕೂಡಲೇ ಟಿಗ್‌ನ ಆರ್ಗಾನ್ ಹರಿಸಿ ಆರಿಸಿದೆವು. ನಷ್ಟ 0.3 ಗ್ರಾಂಗೆ ಇಳಿಯಿತು. ಜ್ವಾಲೆಯಲ್ಲಿ ಆಮ್ಲಜನಕ ಜಾಸ್ತಿ ಮಾಡಿದಾಗ ಅದೇ ಒಂದು ನಿಮಿಷಕ್ಕೆ 1.1 ಗ್ರಾಂ, ಮುಖದಲ್ಲಿ ಬೆರಳು ಇಟ್ಟಷ್ಟು ಕುಳಿ. ಶಾಖ ಅದನ್ನು ಕೊಲ್ಲುವುದಿಲ್ಲ, ಆಮ್ಲಜನಕ ಕೊಲ್ಲುತ್ತದೆ. ಮೋಟರಿನ ಒಳಗೆ ಬಿಡಿ ಆಮ್ಲಜನಕ ಕಡಿಮೆ, ಆದರೆ ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಇರುತ್ತವೆ. ಅಷ್ಟು ಬಿಸಿಯಲ್ಲಿ ಅವೂ ಇಂಗಾಲವನ್ನು ಕೆರೆಯುತ್ತವೆ.

ಇನ್ನೊಂದು ದೋಷವೂ ಕಂಡಿತು. ಗ್ರಾಫೈಟ್ ತುಂಡಿನ ಹಿಂಬದಿ ಒಂದು ನಿಮಿಷಕ್ಕೆ 480 ಡಿಗ್ರಿ ಮುಟ್ಟಿತ್ತು. ಶಾಖವನ್ನು ಅದು ಸಾಧಾರಣ ಸ್ಟೀಲಿಗಿಂತ ಚೆನ್ನಾಗಿ ದಾಟಿಸುತ್ತದೆ. ತಾನು ಬದುಕುತ್ತದೆ, ಬೆನ್ನ ಹಿಂದಿನ ಕೇಸಿಂಗನ್ನು ಸುಡುತ್ತದೆ.

ಕೊನೆಯದು ಹೈಲಂ. ಎಲೆಕ್ಟ್ರಿಕ್ ಪ್ಯಾನೆಲ್‌ಗೆ ಹಾಕುವ, ಬಟ್ಟೆ ಪದರಗಳನ್ನು ಫಿನಾಲಿಕ್ ರೆಸಿನ್‌ನಲ್ಲಿ ಒತ್ತಿದ ಕಂದು ಶೀಟ್. 12 ಮಿ.ಮೀ. ದಪ್ಪ. ಅಳಿಯ ನಕ್ಕ. ಮೂರು ಸಾವಿರ ಡಿಗ್ರಿಗೆ ಪ್ಲಾಸ್ಟಿಕ್ ಹಿಡಿಯುವುದಾ ಅಂತ. ಹಿಡಿದೆವು. ಗಬ್ಬು ವಾಸನೆ, ಕಪ್ಪು ಹೊಗೆ, ಬಿಲ್ಲೆಯ ಮುಖವೆಲ್ಲ ಇದ್ದಿಲು. ಒಂದು ನಿಮಿಷ ಆದ ಮೇಲೆ ಹಿಂಬದಿಯ ಮೀಟರ್ ನೋಡಿದ ಹುಡುಗ ತಂತಿ ಬಿಚ್ಚಿದೆ ಅಂದುಕೊಂಡು ಮತ್ತೆ ಸಿಕ್ಕಿಸಿದ. 52 ಡಿಗ್ರಿ. ಕಾಫಿ ಲೋಟಕ್ಕಿಂತ ತಣ್ಣಗೆ!

ರೆಸಿನ್ ಒಡೆದು ಅನಿಲವಾಗುವಾಗ ಶಾಖ ಹೀರಿಕೊಳ್ಳುತ್ತದೆ. ಆ ಅನಿಲ ಹೊರಕ್ಕೆ ನುಗ್ಗುತ್ತ ಬೆಂಕಿಯನ್ನು ಮೇಲ್ಮೈಯಿಂದ ಸ್ವಲ್ಪ ದೂರ ತಳ್ಳುತ್ತದೆ. ಉಳಿದ ಇದ್ದಿಲು ಪದರ ಒಳಗಿನದಕ್ಕೆ ಕಂಬಳಿ. ತನ್ನ ಮೈ ಸುಟ್ಟುಕೊಂಡು ಹಿಂದಿನವರನ್ನು ಕಾಯುವ ಕೆಲಸ. ಸ್ಪೇಸ್ ಶಟಲ್‌ನ ಬೂಸ್ಟರ್ ನಾಝಲ್‌ಗಳ ಒಳಮೈ ಇದೇ ಜಾತಿ, ಅಲ್ಲಿ ಹತ್ತಿ ಬಟ್ಟೆ ಬದಲು ಕಾರ್ಬನ್ ಬಟ್ಟೆ. ನಮ್ಮ ಹೈಲಂನ ಹತ್ತಿ ಇದ್ದಿಲು ಉಗುರಿನಿಂದ ಕೆರೆದರೆ ಉದುರುತ್ತದೆ, 4 ಮಿ.ಮೀ. ಹೋಗಿಯೇಬಿಟ್ಟಿತ್ತು. ಹಾಗಾಗಿ ಕುತ್ತಿಗೆಗೆ ಅದು ಆಗದು. ಆದರೆ ಕುತ್ತಿಗೆಯ ಹಿಂದೆ? ಮತ್ತೊಂದು ಗಮನಿಸಿದೆವು: ಟಾರ್ಚ್ ತೆಗೆದ ಮೇಲೂ ಹಿಂಬದಿಯ ಮೀಟರ್ ಏರುತ್ತಲೇ ಇತ್ತು. ಒಳಗೆ ಸಿಕ್ಕಿಕೊಂಡ ಶಾಖ ನಿಧಾನಕ್ಕೆ ನಡೆದು ಬರುತ್ತಿತ್ತು.

ಸಂಜೆ ಹೊತ್ತಿಗೆ ಚಿತ್ರ ತಾನಾಗಿ ಬಂತು. ಬೆಂಕಿಗೆ ಗ್ರಾಫೈಟ್, ಅದರ ಬೆನ್ನಿಗೆ ಹೈಲಂ ತೋಳು, ಹೊರಗೆ ಒತ್ತಡ ತಡೆಯಲು ಸ್ಟೀಲ್ ಕವಚ. ನಾವು ದೊಡ್ಡ ಆವಿಷ್ಕಾರ ಮಾಡಿದೆವು ಅಂತ ಬೀಗಿದೆವು. ಘನ ಇಂಧನದ ರಾಕೆಟ್‌ಗಳಲ್ಲಿ ಹೀಗೆ ಮಾಡುವುದು ಹಳೆಯ ರೂಢಿ ಅಂತ ಮಾರನೆಯ ದಿನ ಪ್ರೊಫೆಸರ್ ಹೇಳಿ ಕಳಿಸಿದರಂತೆ.

ಎರಡನೇ ಶನಿವಾರ: ಮೋಸ ಹೋದದ್ದು

ಡೈ ಶಾಪ್‌ನಲ್ಲಿ ಆ ವಾರ 50 ಮಿ.ಮೀ. ದಪ್ಪದ ತುಂಡು ಇರಲಿಲ್ಲ. ಒಬ್ಬ ವ್ಯಾಪಾರಿ "ಎಲ್ಲ ಒಂದೇ ಸಾರ್, ಗ್ರಾಫೈಟ್ ಅಂದ್ರೆ ಗ್ರಾಫೈಟ್" ಅಂದ. ತಂದೆ. ಚಕ್‌ಗೆ ಕಟ್ಟಿ ಮೊದಲ ಕಟ್ ಹಾಕಿದಾಗಲೇ ಅನುಮಾನ ಬಂತು. ಮೇಲ್ಮೈ ರವೆ ಉಂಡೆ ಥರ ಕಾಳುಕಾಳು. ಬೋರಿಂಗ್ ಮಾಡುವಾಗ ಕುತ್ತಿಗೆಯ ಅಂಚಿನಿಂದ ಒಂದು ಕಾಳು ಕಿತ್ತು ಬಂತು, ಅದರ ಹಿಂದೆಯೇ ಇಡೀ ತುಂಡು ಸೀಳಿತು.

ಉಕ್ಕು ಕುಲುಮೆಯ ಎಲೆಕ್ಟ್ರೋಡ್‌ಗೆ ಬಳಸುವ ಗ್ರಾಫೈಟ್ ಅದು. ಹಿಟ್ಟನ್ನು ಚಕ್ಕುಲಿ ಒರಳಿನಿಂದ ಒತ್ತಿದ ಹಾಗೆ ಒತ್ತಿ ಮಾಡುತ್ತಾರೆ, ಕಾಳು ದಪ್ಪ, ಉದ್ದಕ್ಕೂ ಅಡ್ಡಕ್ಕೂ ಗುಣ ಬೇರೆ ಬೇರೆ. ನಮಗೆ ಬೇಕಿದ್ದದ್ದು ಐಸೋಸ್ಟ್ಯಾಟಿಕ್. ಎಲ್ಲ ದಿಕ್ಕಿನಿಂದ ಸಮನಾಗಿ ಒತ್ತಿದ್ದು, ಕಾಳು ಮೈಕ್ರಾನ್ ಲೆಕ್ಕದಲ್ಲಿ, ಎಲ್ಲ ಕಡೆ ಒಂದೇ ಗುಣ. ಸ್ಪಾರ್ಕ್ ಮೆಷಿನ್‌ನವರು ಬಳಸುವುದು ಇಂಥ ಸಣ್ಣ ಕಾಳಿನದನ್ನೇ. ತಪ್ಪು ನನ್ನದೂ ಹೌದು, ಮುರಿದ ಅಂಚು ನೋಡದೆ ದುಡ್ಡು ಕೊಟ್ಟೆ. ಒಳ್ಳೆಯದರ ಮುರಿದ ಅಂಚು ನಯವಾದ ಸ್ಲೇಟಿನ ಹಾಗಿರುತ್ತದೆ.

ಮೂರನೇ ಶನಿವಾರ: ಲೇತ್ ಮೇಲೆ

ಡೈ ಶಾಪ್‌ನವರಿಗೆ ಮಾಲು ಬಂದಿತ್ತು. ಪುಣ್ಯಾತ್ಮರು ಒಂದು ತುಂಡು ಕತ್ತರಿಸಿ ಕೊಟ್ಟರು.

ಡ್ರಾಯಿಂಗ್ ಹೀಗಿತ್ತು. ಒಳಬಾಯಿ 38 ಮಿ.ಮೀ., ಅಲ್ಲಿಂದ 30 ಡಿಗ್ರಿ ಇಳಿಜಾರಿನಲ್ಲಿ 12ಕ್ಕೆ ಕಿರಿದಾಗಬೇಕು. ನಡುವೆ 3 ಮಿ.ಮೀ. ನೇರ ಕುತ್ತಿಗೆ. ಅಲ್ಲಿಂದ 15 ಡಿಗ್ರಿಯಲ್ಲಿ 30 ಮಿ.ಮೀ. ಹೊರಬಾಯಿಗೆ ಅಗಲ. ಉದ್ದ 59, ಹೊರ ವ್ಯಾಸ 46. ಹದಿನೈದು ಡಿಗ್ರಿ ಯಾಕೆ ಅಂದೆ. ಇನ್ನೂ ಅಗಲ ಬಿಟ್ಟರೆ ಅನಿಲ ಪಕ್ಕಕ್ಕೆ ಚದುರಿ ಬಲ ಪೋಲಾಗುತ್ತದೆ, ಕಿರಿದು ಮಾಡಿದರೆ ನಾಝಲ್ ಉದ್ದವಾಗಿ ತೂಕ ಏರುತ್ತದೆ. ಹದಿನೈದಕ್ಕೆ ಚದುರುವ ನಷ್ಟ ನೂರಕ್ಕೆ ಎರಡು ಕೂಡ ಆಗದು.

ಕೆಲಸಕ್ಕೆ ಮೊದಲು ಲೇತ್ ಬೆಡ್ಡಿನ ಎಣ್ಣೆಯನ್ನೆಲ್ಲ ಒರೆಸಿದೆವು. ಗ್ರಾಫೈಟ್ ಪುಡಿ ಮತ್ತು ಎಣ್ಣೆ ಸೇರಿದರೆ ಲ್ಯಾಪಿಂಗ್ ಪೇಸ್ಟ್ ಆಗುತ್ತದೆ, ಸ್ಲೈಡುಗಳನ್ನು ತಿನ್ನುತ್ತದೆ. ಬೆಡ್ ಮೇಲೆ ಒದ್ದೆ ನ್ಯೂಸ್ ಪೇಪರ್ ಹಾಸಿದೆವು. ಕೂಲಂಟ್ ಹಾಕಲೇಬಾರದು, ಒಣ ಕಟ್ಟಿಂಗೇ. ಮೂಗಿಗೆ ಮಾಸ್ಕ್. ಪುಡಿ ಎಳೆಯಲು ಮನೆಯಿಂದ ವ್ಯಾಕ್ಯೂಮ್ ಕ್ಲೀನರ್ ತಂದು ಅದರ ಪೈಪನ್ನು ಟೂಲ್‌ಪೋಸ್ಟ್‌ಗೆ ಕಟ್ಟಿದೆ. ಮನೆಯವಳನ್ನು ಕೇಳಿರಲಿಲ್ಲ.

ಚಕ್ಕಿನ ದವಡೆ ನೇರವಾಗಿ ಗ್ರಾಫೈಟನ್ನು ಕಚ್ಚಿದರೆ ಚೂರು ಹಾರುತ್ತದೆ. ಸೀಳಿದ ಅಲ್ಯೂಮಿನಿಯಂ ಬುಷ್ ಮಾಡಿ ಅದರೊಳಗೆ ಹಿಡಿದೆವು. ವೇಗ 1,000 ಆರ್‌ಪಿಎಂ, ಒಂದು ಸಲಕ್ಕೆ ಅರ್ಧ ಮಿ.ಮೀ. ಆಳ. ಕತ್ತರಿಸುವುದು ಬೆಣ್ಣೆಯಷ್ಟು ಸುಲಭ, ಆದರೆ ಟೂಲನ್ನು ಮರಳು ಕಾಗದದ ಹಾಗೆ ಸವೆಸುತ್ತದೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್ ಮೂರೇ ಪಾಸಿಗೆ ಮೊಂಡಾಯಿತು. ಕಾರ್ಬೈಡ್ ಹಾಕಿದೆವು.

ಗ್ರಾಫೈಟಿನಲ್ಲಿ ಒಂದೇ ಎಚ್ಚರ ಬೇಕು: ಟೂಲ್ ವಸ್ತುವಿನಿಂದ ಹೊರಬರುವ ಅಂಚು. ಅಲ್ಲಿ ಆಧಾರ ಇರಲ್ಲ, ಚಕ್ಕೆ ಏಳುತ್ತದೆ. ಅದಕ್ಕೆ 11 ಮಿ.ಮೀ. ತೂತನ್ನು ಎರಡೂ ಕಡೆಯಿಂದ ಅರ್ಧರ್ಧ ಹೊಡೆದೆವು. ಇಳಿಜಾರುಗಳನ್ನು ಕಾಂಪೌಂಡ್ ಸ್ಲೈಡ್ ತಿರುಗಿಸಿ, ಯಾವಾಗಲೂ ಹೊರಗಿನಿಂದ ಒಳಕ್ಕೆ ಕತ್ತರಿಸಿದೆವು. ಮೊದಲು 15 ಡಿಗ್ರಿ ಕಡೆ. ಆಮೇಲೆ ತಿರುಗಿಸಿ ಹಿಡಿದು, ಡಯಲ್ ಇಟ್ಟು ಟ್ರೂ ಮಾಡಿ, 30 ಡಿಗ್ರಿ ಕಡೆ. ಮೇಸ್ತ್ರಿಗೆ ಮೊದಲು ನಗು, ಪೆನ್ಸಿಲ್ ಕಡ್ಡಿ ಟರ್ನಿಂಗ್ ಮಾಡ್ತೀರಾ ಅಂತ. ಅರ್ಧ ಗಂಟೆಯಲ್ಲಿ ಹ್ಯಾಂಡಲ್ ಅವರ ಕೈಯಲ್ಲೇ ಇತ್ತು, ನಾನು ವ್ಯಾಕ್ಯೂಮ್ ಪೈಪ್ ಹಿಡಿಯುವ ಹುಡುಗ ಆಗಿದ್ದೆ.

ಕುತ್ತಿಗೆಗೆ 12.00ರ ಪಿನ್ ಗೇಜ್, ಅಂದರೆ ತೂತು ಅಳೆಯುವ ಕಡ್ಡಿ, ನುಣ್ಣಗೆ ಕೂತಿತು. ತೂಕ 131 ಗ್ರಾಂ. ಅಷ್ಟರಲ್ಲಿ ವ್ಯಾಕ್ಯೂಮ್ ಕ್ಲೀನರ್ ಒಳಗಿಂದ ಪಟ್ ಅಂತ ಸದ್ದು, ನೀಲಿ ಕಿಡಿ, ಶೆಡ್ಡಿನ ಎಂಸಿಬಿ ಬಿತ್ತು. ಗ್ರಾಫೈಟ್ ಕರೆಂಟನ್ನೂ ಹಾಯಿಸುತ್ತದೆ ಅಂತ ನನಗೆ ಗೊತ್ತಿತ್ತು. ಬಟ್ಟೆ ಚೀಲ ಅಷ್ಟು ಸಣ್ಣ ಪುಡಿಯನ್ನು ತಡೆಯುವುದಿಲ್ಲ ಅನ್ನುವುದು ಮಾತ್ರ ಹೊಳೆದಿರಲಿಲ್ಲ. ಆ ರಾತ್ರಿ ಮನೆಯಲ್ಲಿ ಏನಾಯಿತು ಅನ್ನುವುದು ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ.

ನಾಲ್ಕನೇ ಶನಿವಾರ: ಜೋಡಣೆ, ಮತ್ತು ಒಂದು ಹಪ್ಪಳ

ಗ್ರಾಫೈಟಿಗೆ ಉರಿಯದ ಕೋಟ್ ಹಾಕಬೇಕು ಅಂತ ಅಳಿಯನಿಗೆ ಹಟ. ಅವನ ತಲೆಯಲ್ಲಿದ್ದದ್ದು ಇಸ್ರೋ ಸುದ್ದಿ. ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಎಂಜಿನ್‌ಗಳ ನಾಝಲ್ ಅಗಲವಾಗುವ ಭಾಗ ಕೊಲಂಬಿಯಂ ಮಿಶ್ರಲೋಹದ್ದಾಗಿತ್ತು. ಕೊಲಂಬಿಯಂ ಅಂದರೆ ನಿಯೋಬಿಯಂಗೆ ಹಳೆಯ ಹೆಸರು. ಅದರ ಜಾಗಕ್ಕೆ ಕಾರ್ಬನ್-ಕಾರ್ಬನ್ ನಾಝಲ್ ಮಾಡಿದ್ದೇವೆ ಅಂತ 2024ರ ಏಪ್ರಿಲ್‌ನಲ್ಲಿ ಇಸ್ರೋ ಹೇಳಿತು. ಇಂಗಾಲದ ನಾರು, ನಾರಿನ ನಡುವೆ ತುಂಬಿದ್ದೂ ಇಂಗಾಲವೇ. ನಾಝಲ್ ತೂಕ ನೂರಕ್ಕೆ 67 ಭಾಗ ಇಳಿಯಿತು, ರಾಕೆಟ್ ಹೊರುವ ಭಾರ 15 ಕೆ.ಜಿ. ಏರಲಿದೆ. ಮಹೇಂದ್ರಗಿರಿಯಲ್ಲಿ ಮಾರ್ಚ್ 19ರಂದು 60 ಸೆಕೆಂಡ್, ಏಪ್ರಿಲ್ 2ರಂದು 200 ಸೆಕೆಂಡ್ ಉರಿಸಿ ನೋಡಿದ್ದರು. ಬಿಸಿ 1,216 ಕೆಲ್ವಿನ್, ಅಂದರೆ ಸುಮಾರು 943 ಡಿಗ್ರಿ ಮುಟ್ಟಿತ್ತು. ಇಂಗಾಲ ಉರಿಯದಿರಲು ಮೇಲೆ ಸಿಲಿಕಾನ್ ಕಾರ್ಬೈಡ್ ಲೇಪ. ಅದು ಬಿಸಿಯಲ್ಲಿ ಮೇಲೆ ಗಾಜಿನಂಥ ತೆಳು ಪೊರೆ ಕಟ್ಟಿಕೊಂಡು ಆಮ್ಲಜನಕವನ್ನು ತಡೆಯುತ್ತದೆ.

ಸಿಲಿಕಾನ್ ಕಾರ್ಬೈಡ್ ಅಂದರೆ ನಮ್ಮ ಗ್ರೈಂಡಿಂಗ್ ಚಕ್ರದ ಕಾರ್ಬೊರಂಡಂ ಪುಡಿ. ಸೋಡಿಯಂ ಸಿಲಿಕೇಟ್‌ನಲ್ಲಿ ಕಲಸಿ ಒಂದು ತುಂಡಿಗೆ ಬಳಿದೆವು. ಒಣಗಿಸಿ ಟಾರ್ಚ್ ಹಿಡಿದೆವು. ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿ, ಮುಟ್ಟಿದರೆ ಕಳಚಿ ಬಿತ್ತು. ಇಸ್ರೋದವರು ಪುಡಿ ಬಳಿಯುವುದಿಲ್ಲ, ಅದಕ್ಕೆ ಬೇರೆಯದೇ ಕುಲುಮೆ, ಬೇರೆಯದೇ ವಿದ್ಯೆ. ಅವರಿಗೆ ಬೇಕಿರುವುದು ನಿಮಿಷಗಟ್ಟಲೆಯ ಆಯುಸ್ಸು, ನಮ್ಮ ಮೋಟರ್ ಉರಿಯುವುದು ನಾಲ್ಕು ಸೆಕೆಂಡ್. ಲೇಪ ಬೇಡ ಅಂದೆ. ಹುಡುಗ ಒಪ್ಪಿದ, ಮನಸ್ಸಿಲ್ಲದೆ.

ಜೋಡಣೆಯಲ್ಲಿ ಎಡವಿದ್ದು ನಾನು. ಪಟ್ಟಿಯಲ್ಲಿ ಒಂದು ಡಿಗ್ರಿ ಏರಿದರೆ ಸ್ಟೀಲಿನ ಹಿಗ್ಗುವಿಕೆ ಹತ್ತು ಲಕ್ಷಕ್ಕೆ 12, ಗ್ರಾಫೈಟಿನದು ನಾಲ್ಕೂವರೆ ಆಸುಪಾಸು. ಬಿಸಿಗೆ ಸ್ಟೀಲ್ ಜಾಸ್ತಿ ಹಿಗ್ಗಿ ಸಡಿಲ ಆಗುತ್ತದೆ ಅಂತ ಲೆಕ್ಕ ಹಾಕಿ, ಒಳಬಾಯಿ ಕಡೆಯ ಥ್ರೆಡ್ ರಿಂಗನ್ನು ಗಟ್ಟಿಯಾಗಿ ಬಿಗಿದೆ. ಸುಟ್ಟು ನೋಡೋಣ ಅಂತ ಅರ್ಧ ನಿಮಿಷ ಟಾರ್ಚನ್ನು ಒಳಬಾಯಿಗೆ ಇಟ್ಟೆವು. ಟಿಕ್ ಅಂತ ಒಂದು ಸಣ್ಣ ಸದ್ದು. ಬಿಚ್ಚಿದರೆ ಒಳಬಾಯಿಯ 4 ಮಿ.ಮೀ. ಅಂಚಿನಿಂದ ಉಗುರಿನಷ್ಟು ಚಕ್ಕೆ ಹೋಗಿತ್ತು.

ಆಮೇಲೆ ಹೊಳೆಯಿತು. ಎರಡೂ ಒಂದೇ ಬಿಸಿಯಲ್ಲಿದ್ದರೆ ನನ್ನ ಲೆಕ್ಕ ಸರಿ. ಆದರೆ ನಡುವೆ ಹೈಲಂ ಇದೆ! ಗ್ರಾಫೈಟ್ ಸಾವಿರ ಡಿಗ್ರಿ ಆಗುವ ಹೊತ್ತಿಗೆ ಸ್ಟೀಲ್ ಇನ್ನೂ ಬೆಚ್ಚಗೆ, ಅಷ್ಟೆ. 59 ಮಿ.ಮೀ. ಗ್ರಾಫೈಟ್ ಕಾಲು ಮಿ.ಮೀ.ಗಿಂತ ಜಾಸ್ತಿ ಬೆಳೆಯುತ್ತದೆ, ಸ್ಟೀಲ್ ಜಾಗ ಬಿಡುವುದಿಲ್ಲ. ಎಲ್ಲ ಕಡೆಯಿಂದ ಸಮನಾಗಿ ಅದುಮಿದರೆ ಗ್ರಾಫೈಟ್ ತಡೆಯುತ್ತದೆ, ಅಂಚಿನಲ್ಲಿ ಬಾಗಿಸಿದರೆ ಬಿಸ್ಕತ್ತು. ಹೈಲಂ ಹಾಕಿ ಶಾಖವನ್ನು ತಡೆದವನೂ ನಾನೇ, ಅದನ್ನು ಮರೆತವನೂ ನಾನೇ.

ಇನ್ನೊಂದು ಗ್ರಾಫೈಟ್ ತುಂಡು ಟರ್ನಿಂಗ್ ಮಾಡಿದೆವು. ಈ ಸಲ ಎರಡು ಬದಲಾವಣೆ. ರಿಂಗಿಗೂ ಗ್ರಾಫೈಟಿಗೂ ನಡುವೆ 0.4 ಮಿ.ಮೀ. ಬಿಟ್ಟು, ಆ ಸಂದಿಗೆ ಬಿಸಿ ತಡೆಯುವ ಕೆಂಪು ಸಿಲಿಕೋನ್ ತುಂಬಿದೆವು. ಗ್ರಾಫೈಟ್ ಕೂರುವ ಮೆಟ್ಟಿಲಿನ ಚೂಪು ಮೂಲೆಗೆ 2 ಮಿ.ಮೀ. ದುಂಡು ಕೊಟ್ಟೆವು, ಬಿರುಕು ಹುಟ್ಟುವುದೇ ಅಂಥ ಮೂಲೆಗಳಲ್ಲಿ. ಮತ್ತೆ ಅರ್ಧ ನಿಮಿಷ ಟಾರ್ಚ್. ಟಿಕ್ ಸದ್ದಿಲ್ಲ. ಸ್ಟೀಲ್ ಕವಚವನ್ನು ಕೈಯಲ್ಲಿ ಹಿಡಿಯಬಹುದಿತ್ತು. ಐದು ನಿಮಿಷ ಬಿಟ್ಟು ಅಳಿಯ ಮತ್ತೆ ಮುಟ್ಟಿ ಕೈ ಕೊಡವಿದ. ಮೊದಲ ಶನಿವಾರದ ಹೈಲಂ ಮೀಟರ್ ಮರೆತಿದ್ದ.

ಐದನೇ ಶನಿವಾರ

ಕಾಲೇಜಿನವರ ಸ್ಟ್ಯಾಟಿಕ್ ಟೆಸ್ಟ್. ಮೋಟರನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದಿದ್ದರು, ನಮ್ಮನ್ನೆಲ್ಲ ದೂರದ ಮರಳು ಮೂಟೆಗಳ ಹಿಂದೆ ನಿಲ್ಲಿಸಿದ್ದರು. ಮೇಸ್ತ್ರಿಯೂ ಬಂದಿದ್ದರು, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು. ನಾಲ್ಕು ಸೆಕೆಂಡ್. ಐದು ಶನಿವಾರಗಳ ಕೆಲಸ ನಾಲ್ಕು ಸೆಕೆಂಡ್‌ನಲ್ಲಿ ಮುಗಿದುಹೋಯಿತು. ಹೊಗೆ ಚದುರುವ ಮೊದಲೇ ಅಳಿಯ ಲ್ಯಾಪ್‌ಟಾಪ್ ಮುಂದೆ ಇದ್ದ. ಒತ್ತಡದ ಗೆರೆ ಏರಿ, ಮೇಜಿನ ಹಾಗೆ ಸಮನಾಗಿ ಹೋಗಿ, ಕೊನೆಯಲ್ಲಿ ಮಾತ್ರ ಚೂರು ತಲೆ ಬಾಗಿಸಿತ್ತು.

ಸಂಜೆ ಆರಿದ ಮೇಲೆ ಬಿಚ್ಚಿದೆವು. ಪಿನ್ ಗೇಜ್ 12.2 ತನಕ ಹೋಯಿತು, 12.3 ಹೋಗಲಿಲ್ಲ. ಕ್ಷೇತ್ರದಲ್ಲಿ ನೂರಕ್ಕೆ ಮೂರೂವರೆಯಷ್ಟು ಏರಿಕೆ. ಸ್ಟೀಲಿನದಕ್ಕೆ ಇಪ್ಪತ್ತೈದು ಇತ್ತು. ಕುತ್ತಿಗೆ ಇನ್ನೂ ಗುಂಡಗಿತ್ತು, ಇಲಿ ಕಡಿದಂತೆ ಇರಲಿಲ್ಲ. ಭೂತಗನ್ನಡಿ ಹಿಡಿದರೆ 30 ಡಿಗ್ರಿ ಇಳಿಜಾರು ಕುತ್ತಿಗೆಗೆ ಸೇರುವ ಜಾಗದಲ್ಲಿ ಸಣ್ಣ ಸಣ್ಣ ಉದ್ದ ಗೀರುಗಳು. ಅಲ್ಲಿ ಮೂಲೆ ಇನ್ನೂ ಚೂಪಾಗಿಯೇ ಇತ್ತು. ಡ್ರಾಯಿಂಗಿನಲ್ಲಿ ದುಂಡು ಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ಹೈಲಂ ತೋಳಿನ ಒಳಮೈ ಒಂದು ಮಿ.ಮೀ.ಗಿಂತ ಕಡಿಮೆ ಆಳಕ್ಕೆ ಕಪ್ಪಾಗಿತ್ತು. ಸ್ಟೀಲ್ ಕವಚದ ಬಣ್ಣವೂ ಬದಲಾಗಿರಲಿಲ್ಲ.

ಮುಂದಿನ ಮೋಟರ್‌ಗೆ 16 ಮಿ.ಮೀ. ಕುತ್ತಿಗೆ ಬೇಕಂತೆ, ಉರಿಯುವ ಹೊತ್ತೂ ಜಾಸ್ತಿ. ಡ್ರಾಯಿಂಗ್‌ನಲ್ಲಿ ಕುತ್ತಿಗೆಯ ಎರಡೂ ಕಡೆ ದುಂಡು ಹಾಕಿಸಿಕೊಂಡು ಬಾ ಅಂದಿದ್ದೇನೆ. ಅದಕ್ಕೆ ಮೊದಲು ಎಸ್.ಪಿ. ರೋಡ್‌ಗೆ ಹೋಗಿ ವ್ಯಾಕ್ಯೂಮ್ ಕ್ಲೀನರ್ ಮೋಟರ್‌ಗೆ ಹೊಸ ಕಾರ್ಬನ್ ಬ್ರಷ್ ತರಬೇಕು. ಅದೂ ಗ್ರಾಫೈಟೇ.